ಬಿದ್ದರೆ ಕಂತು ಯಾರು ತುಂಬೋದು? ಮರ ಸವರುವವರೊಬ್ಬರ ಸಾಲದ ಪ್ರಕರಣ

ಮಷಿನ್ ಸಾಲದ ವಿಷಯಕ್ಕೆ ಗಂಡ-ಹೆಂಡತಿ ಮಾತು ಬಿಟ್ಟು ಸಲಹೆಗೆ ನನ್ನ ಹತ್ತಿರ ಬರುವುದು ಬೆಳಗಾವಿಯಲ್ಲಿ ಈಚೆಗೆ ಜಾಸ್ತಿ ಆಗಿದೆ. ಒಮ್ಮೆ ಟ್ರ್ಯಾಕ್ಟರ್ ಇರುತ್ತದೆ, ಒಮ್ಮೆ ಜೆಸಿಬಿ, ಒಮ್ಮೆ ಹಿಟ್ಟಿನ ಗಿರಣಿ. ತೊಡಕು ಮಾತ್ರ ಒಂದೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ, ಮೊತ್ತಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.

ಅವರನ್ನು ಬಸವರಾಜ ಎನ್ನೋಣ. ಮರದ ಕೊಂಬೆ ಸವರುವುದು, ಮನೆ ಮೇಲೆ ವಾಲಿದ ಮರ ಇಳಿಸುವುದು, ತೆಂಗು ಸ್ವಚ್ಛ ಮಾಡುವುದು ಅವರ ಕೆಲಸ. ಜೊತೆಗೆ ಮೂವರು ಹುಡುಗರಿದ್ದಾರೆ. ಕ್ಯಾಂಪ್, ಟಿಳಕವಾಡಿ, ಹಿಂದವಾಡಿ ಕಡೆ ಹಳೇ ದೊಡ್ಡ ಮರಗಳಿವೆ, ಏಪ್ರಿಲ್-ಮೇ ತಿಂಗಳ ಗಾಳಿ-ಮಳೆ ಶುರುವಾದರೆ ಇವರ ಫೋನ್ ನಿಲ್ಲುವುದಿಲ್ಲ. ಹೆಂಡತಿ ರೇಣುಕಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಒಬ್ಬಳು ಮಗಳು.

ಬಸವರಾಜ ಅವರಿಗೆ ಒಂದು ಸೆಕೆಂಡ್ ಹ್ಯಾಂಡ್ ಲಿಫ್ಟ್ ಗಾಡಿ ಬೇಕಿತ್ತು. ಬೀದಿ ದೀಪ ರಿಪೇರಿ ಮಾಡುವವರು ಬುಟ್ಟಿಯಲ್ಲಿ ನಿಂತು ಮೇಲೆ ಹೋಗುತ್ತಾರಲ್ಲ, ಅಂಥದ್ದು. ಬೆಲೆ 9 ಲಕ್ಷ. 2 ಲಕ್ಷ ಕೈಯಿಂದ, ಅಂದರೆ ರೇಣುಕಾ ಅವರ ಬಂಗಾರ ಅಡವಿಟ್ಟು. ಉಳಿದ 7 ಲಕ್ಷ ಒಂದು ಫೈನಾನ್ಸ್‌ನಲ್ಲಿ, 4 ವರ್ಷಕ್ಕೆ, 12 ಪರ್ಸೆಂಟ್ ಫ್ಲಾಟ್ ಬಡ್ಡಿ. ರೇಣುಕಾ ಬೇಡ ಅಂದಿದ್ದರು. ಅದಾದ ಮೇಲೆ ಮನೆಯಲ್ಲಿ ಮಾತು ನಿಂತಿತ್ತು.

ಎರಡನೇ ಸಲ ಬಂದಾಗ ನಾವು ಮೊದಲು ಲೆಕ್ಕ ಹಾಕಿದೆವು. ಫ್ಲಾಟ್ ಅಂದರೆ ನೀವು ಅಸಲು ತೀರಿಸುತ್ತಾ ಬಂದರೂ ಕೊನೇ ತಿಂಗಳವರೆಗೆ ಪೂರ್ತಿ 7 ಲಕ್ಷಕ್ಕೇ ಬಡ್ಡಿ. 4 ವರ್ಷಕ್ಕೆ ಬಡ್ಡಿಯೇ 3,36,000. ತಿಂಗಳ ಕಂತು 21,583. ಅದೇ 12 ಪರ್ಸೆಂಟ್ ಉಳಿದ ಅಸಲಿನ ಮೇಲೆ ಮಾತ್ರ ಇದ್ದರೆ ಕಂತು ಸುಮಾರು 18,430, ಒಟ್ಟು ಬಡ್ಡಿ 1,85,000ದ ಆಸುಪಾಸು. ಒಂದೂವರೆ ಲಕ್ಷದ ಫರಕು. ಆ ಫ್ಲಾಟ್ 12 ನಿಜಕ್ಕೂ ಹತ್ತಿರ ಹತ್ತಿರ 21 ಪರ್ಸೆಂಟ್ ಆಗುತ್ತದೆ. ಇದನ್ನು ಕಾಗದದ ಮೇಲೆ ತೋರಿಸಿದಾಗ ಬಸವರಾಜ ಸುಮ್ಮನಾದರು. ಆದರೆ ಒಪ್ಪಲಿಲ್ಲ. "ಮ್ಯಾಡಂ, ಗಾಡಿ ಬಂದ್ರ ದಿನಕ್ಕ ಎರಡ್ ಕೆಲಸ ಮಾಡ್ತೀನ್ರಿ. ಕಂತು ತಾನ ತೀರ್ತದ" ಅಂದರು.

ಆಗ ರೇಣುಕಾ ಕೇಳಿದರು: "ಇವ್ರು ಮರದ ಮ್ಯಾಲಿಂದ ಬಿದ್ರ ಕಂತು ಯಾರ್ ತುಂಬೋರ್ರಿ ಅಕ್ಕಾರ?"

ಬಸವರಾಜಗೆ ಸಿಟ್ಟು ಬಂತು. "ಕೆಟ್ಟ ಮಾತ ಆಡಬ್ಯಾಡ" ಅಂದರು. ಆಕೆ ನಿಲ್ಲಿಸಲಿಲ್ಲ. "ಹೋದ ವರ್ಷ ಕಾಲ ಮುರಕೊಂಡು ಎರಡ್ ತಿಂಗಳ ಮನ್ಯಾಗ ಕುಂತಿದ್ರಿ. ಆವಾಗ ರೊಕ್ಕ ಎಲ್ಲಿಂದ ಬಂತು? ನನ್ನ ಕೊರಳಾಗಿನ ಬೋರಮಾಳ ಇಟ್ಟು ಬಂತು. ಅದ ಇನ್ನೂ ಬಿಡಿಸಿಲ್ಲ. ಈಗ ಉಳಿದಿದ್ದೂ ಕೊಡು ಅಂತೀರಿ. ನಾ ಗಾಡಿ ಬ್ಯಾಡ ಅನ್ನಾಕತ್ತಿಲ್ಲ. ಬೆಲ್ಟ್ ಕಟಗೊಂಡ ಏರ್ರಿ ಅಂದ್ರ ರೊಕ್ಕಿಲ್ಲ ಅಂತೀರಿ, ಒಂಬತ್ತ ಲಕ್ಷದ ಗಾಡಿಗೆ ರೊಕ್ಕ ಐತಿ?"

ಕಾಲು ಮುರಿದ ವಿಷಯ ಮೊದಲ ಸಲ ಬಂದಾಗ ಇಬ್ಬರೂ ಹೇಳಿರಲಿಲ್ಲ. ನಾನು ಬಸವರಾಜ ಅವರನ್ನು ಕೇಳಿದೆ, ಸೇಫ್ಟಿ ಬೆಲ್ಟ್ ಇದೆಯಾ? ಇಲ್ಲ. ಹೆಲ್ಮೆಟ್? ಬೈಕಿನದು. ಹುಡುಗರಿಗೆ? ಅದೂ ಇಲ್ಲ. ಸೊಂಟಕ್ಕೆ ಸಾದಾ ನೈಲಾನ್ ಹಗ್ಗ. ಚೈನ್ ಸಾ, ಅಂದರೆ ಮರ ಕೊಯ್ಯುವ ಮಷಿನ್ ಗರಗಸ, ಒಂದು ಸಲ ತಾಗಿದರೆ ಆ ಹಗ್ಗ ಕ್ಷಣದಲ್ಲಿ ತುಂಡಾಗುತ್ತದೆ. ಒಳಗೆ ಸ್ಟೀಲ್ ತಂತಿ ಇರುವ ಹಗ್ಗ ಸಿಗುತ್ತದೆ ಅನ್ನೋದು ಅವರಿಗೆ ಗೊತ್ತಿತ್ತು. ಬೆಲೆ ಕೇಳಿ ಬಿಟ್ಟಿದ್ದರು. ಬಹಳ ಹೊತ್ತು ತಲೆ ತಗ್ಗಿಸಿ ಕುಳಿತರು. ಆಮೇಲೆ "ಕಾಲ ಮುರದ ಮ್ಯಾಲೆ ಏರಾಕ ಅಂಜಿಕಿ ಆಗ್ತದ್ರಿ. ಅದಕ್ಕ ಗಾಡಿ ಬೇಕು" ಅಂದರು. ಇಷ್ಟು ದಿನ ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಗಂಡಸು ಅಂಜಿಕೆ ಅಂತ ಬಾಯಿಬಿಟ್ಟು ಹೇಳೋದು ನಮ್ಮ ಕಡೆ ಸುಲಭ ಅಲ್ಲ. ಹಾಗಾಗಿ ಆ ಅಂಜಿಕೆ ಲಾಭದ ಲೆಕ್ಕವಾಗಿ ಹೊರಗೆ ಬಂದಿತ್ತು.

ನನ್ನ ಸಲಹೆ ಪೂರ್ತಿ ಇದರ ಮೇಲೆ ನಿಂತಿದೆ. ಅಂಜಿಕೆ ಸರಿಯಾಗೇ ಇತ್ತು, ಅದಕ್ಕೆ ಕೊಟ್ಟುಕೊಂಡ ಮದ್ದು ಮಾತ್ರ ತೀರಾ ದುಬಾರಿ. ಲಿಫ್ಟ್ ಗಾಡಿ ಈಗ ಬೇಡ, ದೊಡ್ಡ ಕೆಲಸ ಬಂದ ದಿನ ಬಾಡಿಗೆಗೆ ತನ್ನಿ, ಆ ಬಾಡಿಗೆಯನ್ನು ಗಿರಾಕಿಯ ರೇಟಿನಲ್ಲೇ ಸೇರಿಸಿ ಅಂದೆ. ಎಲ್ಲ ಮರಕ್ಕೂ ಲಿಫ್ಟ್ ಹೋಗುವುದೂ ಇಲ್ಲ. ಕಾಂಪೌಂಡ್ ಒಳಗೆ, ಸಂದಿಯಲ್ಲಿ, ಹಿತ್ತಲಲ್ಲಿ ಇರುವ ಮರಕ್ಕೆ ಕೊನೆಗೂ ಮನುಷ್ಯನೇ ಏರಬೇಕು. ಸಾಲ ಮಾಡುವುದಾದರೆ ಒಂದು ದೊಡ್ಡ ಚೈನ್ ಸಾ, ಮೇಲೆ ಒಯ್ಯಲು ಹಗುರವಾದ ಸಣ್ಣದೊಂದು, ನಾಲ್ಕೂ ಜನಕ್ಕೆ ಬೆಲ್ಟ್, ಹಗ್ಗ, ಮುಖಕ್ಕೆ ಜಾಳಿಗೆ ಇರುವ ಹೆಲ್ಮೆಟ್. ಎಲ್ಲ ಸೇರಿ 2 ಲಕ್ಷದ ಒಳಗೆ. ಮತ್ತು ಬೆಲ್ಟ್, ಹಗ್ಗಗಳನ್ನೂ ಮಷಿನ್ ಇರುವ ಕೊಟೇಶನ್‌ನಲ್ಲೇ ಬರೆಸಿ. ಅಂಗಡಿಯವರು ಮಷಿನ್ ಒಂದನ್ನೇ ಬರೆದುಕೊಡುತ್ತಾರೆ, ಬ್ಯಾಂಕಿನವರು ಬರೆದದ್ದಕ್ಕೆ ಮಾತ್ರ ಸಾಲ ಕೊಡುತ್ತಾರೆ. ಆಮೇಲೆ ಹಗ್ಗಕ್ಕೆ ಕೈಯಲ್ಲಿ ದುಡ್ಡು ಉಳಿಯುವುದಿಲ್ಲ.

ಸಣ್ಣ ಉದ್ಯಮಕ್ಕೆ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಮುದ್ರಾ ಯೋಜನೆ ಇಂಥವರಿಗಾಗಿಯೇ 2015ರಿಂದ ಇದೆ. 50,000 ದಾಟಿ 5 ಲಕ್ಷದವರೆಗಿನದು ಕಿಶೋರ್ ವಿಭಾಗ, ಅಡಮಾನ ಕೇಳುವಂತಿಲ್ಲ, ಅಂದರೆ ಬಂಗಾರ ಮುಟ್ಟಬೇಕಾಗಿಲ್ಲ. ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಮಾಡಿಸಿ ಅಂದೆ. ಅದಕ್ಕೆ ಸರ್ಕಾರಿ ಶುಲ್ಕ ಇಲ್ಲ, ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲೇ ಆಗುತ್ತದೆ, ಸಾವಿರಾರು ರೂಪಾಯಿ ಕೇಳುವವರ ಹತ್ತಿರ ಹೋಗಬೇಡಿ. ಇನ್ನು ಬ್ಯಾಂಕ್ ಇರಲಿ, ಫೈನಾನ್ಸ್ ಕಂಪನಿ ಇರಲಿ, ಸಹಿ ಹಾಕುವ ಮೊದಲು 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್', ಅಂದರೆ ಸಾಲದ ಮುಖ್ಯ ವಿವರಗಳ ಹಾಳೆ, ಕೇಳಿ. 2024ರ ಅಕ್ಟೋಬರ್ 1ರಿಂದ ಸಣ್ಣ ಉದ್ಯಮದ ಸಾಲಕ್ಕೂ ಅದನ್ನು ಕೊಡಲೇಬೇಕು, ಸಾಲಗಾರರಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಎಲ್ಲ ಖರ್ಚು ಸೇರಿದ ವಾರ್ಷಿಕ ದರ ಅದರಲ್ಲಿ ಇರುತ್ತದೆ. ಫ್ಲಾಟ್ ಲೆಕ್ಕದ ಮುಸುಕು ಅಲ್ಲಿ ಕಳಚುತ್ತದೆ.

ಕಂತಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಕೆಲಸ ಮುಂಗಾರಿನ ಮೊದಲು ಸುಗ್ಗಿಯಂತೆ ಬರುತ್ತದೆ, ಕಂತು 12 ತಿಂಗಳೂ ಬರುತ್ತದೆ. ಜುಲೈನಲ್ಲಿ ಬೆಳಗಾವಿಯ ಜಿಟಿಜಿಟಿ ಮಳೆಗೆ ತೊಯ್ದ ಮರ ಏರಲು ಆಗುವುದಿಲ್ಲ. ಹೆಚ್ಚಿನ ಜಾತಿಯ ಮರಗಳನ್ನು ಪೂರ್ತಿ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅನುಮತಿ ಬೇಕು, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಆ ಕಾಗದ ಬರುವವರೆಗೆ ಮಷಿನ್ ಮೂಲೆಯಲ್ಲಿ. ಕಾಗದ ತೋರಿಸದ ಮಾಲೀಕರ ಕೆಲಸ ಹಿಡಿಯಲೇಬೇಡಿ. ಹೀಗಾಗಿ ಮೂರು ಕಂತಿನ ದುಡ್ಡು ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿಯಲ್ಲಿ ಕೂಡಿದ ಮೇಲೆಯೇ ಸಾಲದ ಅರ್ಜಿ ಹಾಕಿ ಅಂದೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ನಾಲ್ವರಿಗೂ ಮಾಡಿಸಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ ಬರುತ್ತದೆ. ಆದರೆ ಕಾಲು ಮುರಿದು ಎರಡು ತಿಂಗಳು ಕುಳಿತರೆ ಅದರಿಂದ ಏನೂ ಬರುವುದಿಲ್ಲ. ಆ ಎರಡು ತಿಂಗಳಿಗಾಗಿಯೇ ಪಿಗ್ಮಿ.

ರೇಣುಕಾ ಅವರ ಅಣ್ಣ ನನ್ನ ಮೇಲೆ ಬೇಸರ ಮಾಡಿಕೊಂಡಿದ್ದಾರೆ. ದುಡಿಯುವ ಹುಡುಗನನ್ನು ಹಿಂದಕ್ಕೆ ಎಳೆದಿರಿ ಅನ್ನೋದು ಅವರ ಮಾತು. ನನಗೆ ಹಾಗೆ ಅನ್ನಿಸುವುದಿಲ್ಲ. ಒಬ್ಬರ ಮೈಕೈ ಗಟ್ಟಿ ಇದ್ದರೆ ಮಾತ್ರ ತೀರುವ ಸಾಲಕ್ಕೆ, ಆ ಮೈಕೈ ಕಾಯುವ ಖರ್ಚು ಮೊದಲು ಬರಬೇಕು. ಹೆಂಡತಿ ಬೇಡ ಅಂದಾಗ ಅದನ್ನು ಹಟ ಅಂತ ತಿಳಿಯುವವರೇ ಜಾಸ್ತಿ. ಆಕೆ ಯಾಕೆ ಬೇಡ ಅನ್ನುತ್ತಿದ್ದಾಳೆ ಅಂತ ಒಂದು ಸಲ ಕೇಳಿದ್ದರೆ ಎಷ್ಟೋ ಮನೆಗಳ ಬಂಗಾರ ಉಳಿಯುತ್ತಿತ್ತು.

ಬಸವರಾಜ ನಾನು ಹೇಳಿದ್ದೆಲ್ಲ ಮಾಡಿಲ್ಲ. ಮೂರು ಕಂತು ಕೂಡುವ ಮೊದಲೇ ಅರ್ಜಿ ಹಾಕಿದರು, ಸಾಲ ಆಯಿತು. ಬೆಲ್ಟ್ ನಾಲ್ಕೂ ಬಂದಿವೆ. ಪಿಗ್ಮಿ ಪುಸ್ತಕ ರೇಣುಕಾ ಅವರ ಹತ್ತಿರ ಇದೆ, ಬೋರಮಾಳ ಇನ್ನೂ ಅಡವಿನಲ್ಲೇ ಇದೆ. ಲಿಫ್ಟ್ ಗಾಡಿಯ ಆಸೆ ಅವರು ಬಿಟ್ಟಿಲ್ಲ. ಬಾಡಿಗೆಗೆ ಎಷ್ಟು ದಿನ ತಂದೆವು, ಎಷ್ಟು ಕೊಟ್ಟೆವು ಅಂತ ಒಂದು ವರ್ಷ ಬರೆದಿಟ್ಟು ತನ್ನಿ ಅಂದಿದ್ದೇನೆ.