ಫೋನಿನಲ್ಲಿ ಕೌನ್ಸೆಲಿಂಗ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಗಂಡ ದುಬೈನಲ್ಲಿದ್ದಾರೆ. ನಾನು ಅತ್ತೆ ಮಾವನ ಜೊತೆ ಇದ್ದೇನೆ. ಹೆರಿಗೆಯಾಗಿ ಮೂರು ತಿಂಗಳಾಯಿತು, ಸುಮ್‌ಸುಮ್ನೆ ಅಳು ಬರುತ್ತದೆ. ಮಂಗಳೂರಿನ ಕೌನ್ಸೆಲರ್ ಒಬ್ಬರ ಹತ್ತಿರ ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಿದ್ದೇನೆ. ಅತ್ತೆ ಪಕ್ಕದ ಕೋಣೆಯಲ್ಲೇ ಇರುವುದರಿಂದ ಬರೀ ಹೂಂ, ಹೂಂ ಅನ್ನುತ್ತೇನೆ. ಇದರಿಂದ ಪ್ರಯೋಜನ ಉಂಟಾ?
– ಓದುಗಿ, ಕಾರ್ಕಳ

ಉತ್ತರ: ಉಂಟು ತಂಗಿ, ಖಂಡಿತ ಉಂಟು. ಖಿನ್ನತೆ, ಆತಂಕಗಳಿಗೆ ವಿಡಿಯೊದಲ್ಲಿ ಮಾಡುವ ಥೆರಪಿ ಎದುರು ಕೂತು ಮಾಡಿದಷ್ಟೇ ಹೆಚ್ಚುಕಮ್ಮಿ ಕೆಲಸ ಮಾಡುತ್ತದೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಬಾಯಿಬಿಟ್ಟು ಮಾತಾಡಲು ಆಗಬೇಕಲ್ವಾ? ನಿಮಗೆ ಅಡ್ಡ ಬರುತ್ತಿರುವುದು ಆ ಪಕ್ಕದ ಕೋಣೆ.

ಕ್ಲಿನಿಕ್‌ಗೆ ಹೋದರೆ ಬಾಗಿಲು ಹಾಕಿ ಕೂರಿಸುವ ಕೆಲಸ ಕೌನ್ಸೆಲರ್‌ದು. ಆನ್‌ಲೈನ್ ಆದ ಮೇಲೆ ಅದು ನಿಮ್ಮ ತಲೆಗೆ ಬಂದಿದೆ. ಅತ್ತೆ ಮಾವ ಇರುವ ಮನೆಯಲ್ಲಿ ಬಾಣಂತಿ ಸೊಸೆ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡಿದರೆ ಏನೆಲ್ಲ ಮಾತು ಬರುತ್ತದೆ ಅಂತ ನನಗೆ ಗೊತ್ತು. ಹಾಗಾಗಿ ಮುಂದಿನ ಸಲ ಮೊದಲು ಇದನ್ನೇ ಹೇಳಿ: 'ಮೇಡಂ, ಇಲ್ಲಿ ಎಲ್ಲ ಕೇಳಿಸುತ್ತದೆ.' ಹೇಳಲೂ ಆಗದಿದ್ದರೆ ಟೈಪ್ ಮಾಡಿ. ಆಮೇಲೆ ಅವರು ದಾರಿ ಮಾಡಿಕೊಳ್ಳುತ್ತಾರೆ. ನೀವು ಇಯರ್‌ಫೋನ್ ಹಾಕಿಕೊಳ್ಳಿ, ಅವರು ಮಾತಾಡಲಿ, ನೀವು ಚಾಟ್‌ನಲ್ಲಿ ಬರೆದು ಉತ್ತರ ಕೊಡಿ. ಯಾರಾದರೂ ಒಳಗೆ ಬಂದರೆ ಹೇಳಲು ಒಂದು ಮಾತು ಗೊತ್ತು ಮಾಡಿಕೊಳ್ಳಿ. 'ಗ್ಯಾಸ್ ಬುಕ್ ಮಾಡಬೇಕಿತ್ತು' ಅಂದ ಕೂಡಲೇ ಅವರು ವಿಷಯ ಬದಲಿಸಲಿ. ತೋಟದ ಕಡೆ ನೆಟ್‌ವರ್ಕ್ ಸಿಕ್ಕಿದರೆ ಅಲ್ಲಿಂದ ಬರೀ ಫೋನ್ ಕಾಲ್ ಆದರೂ ಸಾಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಕಾಲ್ ಕಟ್ಟಾದರೆ ತಿರುಗಿ ಯಾರು ಮಾಡುವುದು ಅಂತಲೂ ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಅಳುತ್ತಿರುವಾಗಲೇ ಫೋನ್ ಸತ್ತು ನೀವೊಬ್ಬರೇ ಉಳಿಯುತ್ತೀರಿ.

ಇನ್ನೊಂದು ವಿಷಯ. ವಿಡಿಯೊದಲ್ಲಿ ಅವರಿಗೆ ನಿಮ್ಮ ಮುಖ ಮಾತ್ರ ಕಾಣುತ್ತದೆ. ನೀವು ಸೊರಗಿದ್ದು, ಕೈ ನಡುಗುವುದು, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದೆ ಕೂತಿರುವುದು ಕಾಣುವುದಿಲ್ಲ. ನಿದ್ದೆ, ಊಟ, ಮಗುವಿನ ವಿಷಯ ನೀವಾಗಿಯೇ ಹೇಳಬೇಕು. ನಿಮ್ಮ ವಿಳಾಸ, ನಿಮಗೆ ನಂಬಿಕೆ ಇರುವ ಒಬ್ಬರ ನಂಬರ್ ಅವರ ಹತ್ತಿರ ಇರಲಿ. ಹೆರಿಗೆಯ ನಂತರದ ಈ ಬೇಸರ ಎರಡು ವಾರ ಕಳೆದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು, ನಿಮಗಂತೂ ಮೂರು ತಿಂಗಳಾಗಿದೆ. ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗುವ ದಿನವೇ ನೀವೂ ತೋರಿಸಿಕೊಳ್ಳಿ. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡುವ ಯೋಚನೆ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ, ಅತ್ತೆಗೆ ಹೇಳಿಯಾದರೂ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಾತ್ರಿಯಿಡೀ ಎಐ ಚಾಟ್‌ಬಾಟ್ ಜೊತೆ ಮಾತಾಡುತ್ತಾನೆ. ಮೊನ್ನೆ ಕದ್ದು ನೋಡಿದೆ, 'ಬದುಕಿ ಏನು ಪ್ರಯೋಜನ' ಅಂತ ಬರೆದಿದ್ದ. ಫೋನ್ ಕಿತ್ತುಕೊಳ್ಳಲಾ?
– ಒಬ್ಬ ತಂದೆ, ಉಡುಪಿ

ಉತ್ತರ: ಕಿತ್ತುಕೊಳ್ಳಬೇಡಿ ಸರ್. ಇವತ್ತೇ ಅವನ ಪಕ್ಕ ಕೂತು ನೇರವಾಗಿ ಕೇಳಿ: 'ಸಾಯಬೇಕು ಅಂತ ಅನಿಸುತ್ತಾ ಮಗಾ?' ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ಹೆದರಬೇಡಿ, ಹಾಗಾಗುವುದಿಲ್ಲ. ಬೈಯದೆ, ಉಪದೇಶ ಮಾಡದೆ ಅವನು ಹೇಳುವುದನ್ನು ಕೇಳಿ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ರಾತ್ರಿಯಾಗಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೀವೇ ಮಾಡಿ ಕೇಳಿದರೂ ಆಗುತ್ತದೆ.

ಚಾಟ್‌ಬಾಟ್ ವಿಷಯ. ಯಂತ್ರದ ಹತ್ತಿರ ಮನಸ್ಸು ಬಿಚ್ಚುವುದು ಹೊಸತೇನಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ 'ಎಲೈಜಾ' ಅನ್ನುವ ಪ್ರೋಗ್ರಾಂ ಮಾಡಿದರು. ನಾವು ಹೇಳಿದ್ದನ್ನೇ ಅದು ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು, ಅಷ್ಟೇ. ಅದರ ಜೊತೆ ಮಾತಾಡುತ್ತಿದ್ದ ಅವರ ಸೆಕ್ರೆಟರಿ, ಸ್ವಲ್ಪ ಹೊರಗೆ ಹೋಗಿ ಅಂತ ಅವರಿಗೇ ಹೇಳಿದರಂತೆ. ರಾತ್ರಿ ಎರಡು ಗಂಟೆಗೆ ಬೈಯದೆ ಕೇಳಿಸಿಕೊಳ್ಳುವವರು ಸಿಕ್ಕರೆ ಯಾರಾದರೂ ಮಾತಾಡುತ್ತಾರೆ, ನಿಮ್ಮ ಮಗನದ್ದು ತಪ್ಪಲ್ಲ. ಆದರೆ ಚಾಟ್‌ಬಾಟ್ ನಾವು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಜಾಸ್ತಿ. ಅವನು ನಾಳೆ ಬರದಿದ್ದರೆ ಎಲ್ಲಿ ಹೋದ ಅಂತ ಹುಡುಕುವುದಿಲ್ಲ. ಮನೋವೈದ್ಯರು ಗುಟ್ಟು ಕಾಪಾಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ, ಚಾಟ್‌ಬಾಟ್‌ಗೆ ಆ ಕಟ್ಟುಪಾಡಿಲ್ಲ. ಅವನು ಒಪ್ಪಿದರೆ ಆ ಚಾಟನ್ನೇ ಡಾಕ್ಟರಿಗೆ ತೋರಿಸಲಿ, ಬಾಯಲ್ಲಿ ಹೇಳಲಾಗದ್ದು ಅಲ್ಲಿ ಬರೆದಿರುತ್ತಾನೆ.

ಪ್ರಶ್ನೆ: ಇನ್‌ಸ್ಟಾಗ್ರಾಮ್‌ನಲ್ಲಿ ಕಂಡ ಥೆರಪಿಸ್ಟ್‌ಗಳನ್ನು ನಂಬಬಹುದಾ?
– ಓದುಗ, ಸುರತ್ಕಲ್

ಉತ್ತರ: ಫಾಲೋವರ್ಸ್ ನೋಡಿ ನಂಬಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐಯ ನೋಂದಣಿ ಸಂಖ್ಯೆ ಇರಬೇಕು. ಮನೋವೈದ್ಯರಾದರೆ ಮೆಡಿಕಲ್ ಕೌನ್ಸಿಲ್ ನಂಬರ್. ಬರೀ 'ಕೌನ್ಸೆಲರ್' ಅಂತ ಬರೆದಿದ್ದರೆ ಏನು ಓದಿದ್ದಾರೆ, ಯಾರ ಕೈಕೆಳಗೆ ಕಲಿತರು ಅಂತ ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಬೇರೆಯವರನ್ನು ನೋಡಿ. ಸೆಷನ್ ರೆಕಾರ್ಡ್ ಮಾಡುತ್ತಾರಾ, ವಾಟ್ಸಾಪ್‌ನಲ್ಲಿ ನೀವು ಕಳಿಸಿದ್ದು ಯಾರ ಫೋನಿನಲ್ಲಿ ಉಳಿಯುತ್ತದೆ ಅಂತಲೂ ದುಡ್ಡು ಕಟ್ಟುವ ಮೊದಲೇ ಕೇಳಿ.