ನಾಲ್ಕನೇ ಪುಟದಲ್ಲಿ ಕೂತ ಅಪ್ಪ

ಆತ್ಮೀಯರೇ, ನಮಸ್ಕಾರ.

ನಿಮ್ಮ ‘ಕಾಂಡಕೋಶ ಸ್ರಾವಗಳು ಮತ್ತು ಅಂಗಾಂಶ ದುರಸ್ತಿ’ ಲೇಖನ ಚಿತ್ರದುರ್ಗಕ್ಕೆ ಬಂದು ಮೂರು ವಾರವಾಯಿತು. ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳು, ಅಂದರೆ ನಿಮ್ಮ ಕಾಂಡಕೋಶಗಳು, ಹೊರಗೆ ಬಿಡುವ ಪದಾರ್ಥಗಳು ಗಾಯ ವಾಸಿಯಾಗಲು ಹೇಗೆ ನೆರವಾಗುತ್ತವೆ ಅನ್ನುವುದು ನಿಮ್ಮ ವಿಷಯ. ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ನಾಲ್ಕನೇ ಪುಟದ ಮಾತು. ಅಲ್ಲಿ ನಡುವೆ ಎಲ್ಲೋ ಎರಡು ಸಾಲು ಇದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ನಿಮ್ಮ ತಂದೆಯ ಕಾಲ ಮೇಲೆ ಕಾದ ಮರಳು ಬಿತ್ತು. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶವೇ ಇರಲಿಲ್ಲವಾದ್ದರಿಂದ ಅವರಿಗೆ ಗೊತ್ತೇ ಆಗಲಿಲ್ಲ. ರಾತ್ರಿ ಚಪ್ಪಲಿ ಒದ್ದೆಯಾಗಿದ್ದು ಕಂಡು ಅಮ್ಮ ಗಾಬರಿಯಾದರು. ಇಷ್ಟು ಹೇಳಿ ತಕ್ಷಣ ‘ಸ್ರವಿತ ಜೈವಿಕ ಅಂಶಗಳ ವರ್ಗೀಕರಣ’ಕ್ಕೆ ಹೋಗಿಬಿಟ್ಟಿದ್ದೀರಿ. ಆ ಒದ್ದೆ ಚಪ್ಪಲಿ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ನಿಮ್ಮ ಲೇಖನ ಶುರುವಾಗಬೇಕಾದ್ದು ಅಲ್ಲಿಂದ. ‘ವೈದ್ಯವಿಜ್ಞಾನ ಇಂದು ನಾಗಾಲೋಟದಲ್ಲಿ ಮುನ್ನಡೆಯುತ್ತಿದೆ’ ಅಂತ ಶುರುವಾಗುವ ಮೊದಲ ಪುಟವನ್ನು ಪೂರ್ತಿ ತೆಗೆಯಿರಿ. ಆ ಸಾಲನ್ನು ಯಾವ ಲೇಖನದ ತಲೆಗೆ ಬೇಕಾದರೂ ಅಂಟಿಸಬಹುದು.

ಅಪ್ಪನ ಕಾಲನ್ನು ಮುಂದಕ್ಕೆ ತನ್ನಿ ಅಂದದ್ದು ಓದುಗರ ಕಣ್ಣಲ್ಲಿ ನೀರು ತರಿಸಲಿ ಅಂತಲ್ಲ. ನಿಮ್ಮ ವಿಷಯ ಇರುವುದೇ ಆ ಗಾಯದಲ್ಲಿ. ಮಾಮೂಲಿ ಗಾಯದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಜಾಗ ಕೆಂಪಾಗಿ ಊದಿಕೊಳ್ಳುತ್ತದೆ, ಕಸ ಬಳಿಯುವ ರಕ್ಷಣಾ ಕೋಶಗಳು ಬರುತ್ತವೆ. ಕೆಲವು ದಿನಕ್ಕೆ ಅದೇ ಕೋಶಗಳು ಸ್ವಭಾವ ಬದಲಿಸಿಕೊಂಡು ಕಟ್ಟುವ ಕೆಲಸಕ್ಕೆ ನೆರವಾಗುತ್ತವೆ. ಸಣ್ಣ ರಕ್ತನಾಳ ಹುಟ್ಟುತ್ತವೆ, ಹೊಸ ಮಾಂಸ ತುಂಬುತ್ತದೆ, ಮೇಲೆ ಚರ್ಮ ಹಬ್ಬುತ್ತದೆ. ಸಕ್ಕರೆ ಕಾಯಿಲೆಯವರ ಗಾಯ ಎಷ್ಟೋ ಸಲ ಆ ಊತದ ಹಂತದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಬಳಿಯುವವರು ಬಳಿಯುತ್ತಲೇ ಇರುತ್ತಾರೆ, ಕಟ್ಟುವವರು ಬರುವುದೇ ಇಲ್ಲ. ಇದನ್ನು ನೀವು ಬರೆದೇ ಇಲ್ಲ. ಇದು ಗೊತ್ತಿಲ್ಲದ ಓದುಗರಿಗೆ ಸ್ಟೆಮ್ ಸೆಲ್‌ನಿಂದ ಏನು ಬರುತ್ತದೆ ಅಂತ ಹೇಳಿದರೆ ಯಾಕೆ ಬೇಕು ಅನ್ನುವುದು ಹೇಗೆ ತಿಳಿಯಬೇಕು?

ಈಗ ಒಂದು ತಪ್ಪು. ‘ದೇಹಕ್ಕೆ ಸೇರಿಸಿದ ಕಾಂಡಕೋಶಗಳು ಹೊಸ ಚರ್ಮವಾಗಿ, ಹೊಸ ಹೃದಯ ಸ್ನಾಯುವಾಗಿ ಬೆಳೆಯುತ್ತವೆ’ ಅಂತ ಎರಡನೇ ಪುಟದಲ್ಲಿ ಬರೆದಿದ್ದೀರಿ. ಮುಂಚೆ ವಿಜ್ಞಾನಿಗಳೂ ಹಾಗೇ ಆಗಬಹುದು ಅಂದುಕೊಂಡಿದ್ದರು. ಆದರೆ ನೀವು ಹೇಳುತ್ತಿರುವ ಮೀಸೆಂಕೈಮಲ್ ಕೋಶಗಳನ್ನು, ಅಂದರೆ ಮೂಳೆಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಯಿಂದ ತೆಗೆಯುವಂಥವನ್ನು, ರಕ್ತನಾಳಕ್ಕೆ ಕೊಟ್ಟು ನೋಡಿದಾಗ ಕಂಡದ್ದು ಬೇರೆ. ಹೆಚ್ಚಿನವು ಶ್ವಾಸಕೋಶದಲ್ಲೇ ಸಿಕ್ಕಿಬೀಳುತ್ತವೆ, ಕೆಲವೇ ದಿನಗಳಲ್ಲಿ ಕಾಣೆಯಾಗುತ್ತವೆ. ಆದರೂ ಪ್ರಾಣಿಗಳಲ್ಲಿ ದೂರದ ಅಂಗಕ್ಕೂ ಅನುಕೂಲ ಆಗಿದ್ದು ಕಂಡಿತು. ಕೋಶ ಅಲ್ಲಿ ಇಲ್ಲ, ಕೆಲಸ ಮಾತ್ರ ಆಗಿದೆ! ಇಡೀ ವಿಷಯದಲ್ಲಿ ಇದಕ್ಕಿಂತ ಕುತೂಹಲದ ಜಾಗ ಇನ್ನೊಂದಿಲ್ಲ. ನೀವು ಇದನ್ನು ದಾಟಿ ಹೋಗಿಬಿಟ್ಟಿದ್ದೀರಿ.

2005ರಲ್ಲಿ ಒಂದು ಸಂಶೋಧನಾ ತಂಡ ಇಂಥ ಕೋಶಗಳಲ್ಲಿ ಒಂದು ಜೀನನ್ನು ಜಾಸ್ತಿ ಮಾಡಿ ಬೆಳೆಸಿತು. ಆಮೇಲೆ ಕೋಶಗಳನ್ನು ಬಿಟ್ಟು, ಅವು ಬೆಳೆದ ದ್ರವವನ್ನಷ್ಟೇ ಹೃದಯಾಘಾತವಾದ ಇಲಿಗಳ ಹೃದಯಕ್ಕೆ ಚುಚ್ಚಿತು. ಹೃದಯದ ಹಾನಿ ಕಡಿಮೆಯಾಯಿತು. 2010ರಲ್ಲಿ ಸಿಂಗಪುರದ ತಂಡವೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ದ್ರವದಲ್ಲಿದ್ದ ಎಕ್ಸೋಸೋಮ್ ಅನ್ನುವ ಪುಟ್ಟ ಗುಳ್ಳೆಗಳನ್ನೇ ಸೋಸಿ ತೆಗೆದು ಮೌಸ್ ಅನ್ನುವ ಚಿಕ್ಕ ಜಾತಿಯ ಇಲಿಗಳಿಗೆ ಕೊಟ್ಟಿತು. ಅಲ್ಲೂ ಹಾನಿ ಕಡಿಮೆ. ಈ ಕೋಶಗಳಿಗೆ 1991ರಲ್ಲಿ ‘ಮೀಸೆಂಕೈಮಲ್ ಸ್ಟೆಮ್ ಸೆಲ್’ ಅಂತ ಹೆಸರಿಟ್ಟ ಆರ್ನಾಲ್ಡ್ ಕ್ಯಾಪ್ಲನ್, 2017ರಲ್ಲಿ ತಾವೇ ಆ ಹೆಸರು ಬದಲಿಸೋಣ ಅಂತ ಬರೆದರು. ಇವು ಮದ್ದಿನ ಸೂಚನೆ ಕೊಡುವ ಕೋಶಗಳು, ಅಂಗಾಂಶ ಕಟ್ಟುವುದು ಅಲ್ಲಿಯೇ ಇರುವ ರೋಗಿಯ ಸ್ವಂತ ಕೋಶಗಳು ಅನ್ನುವುದು ಅವರ ವಾದ. ತಾನಿಟ್ಟ ಹೆಸರನ್ನು ತಾನೇ ತಪ್ಪು ಅನ್ನುವುದು ದೊಡ್ಡ ಮಾತು. ಇದಕ್ಕೆ ಒಂದು ಪ್ಯಾರಾ ಕೊಡಿ.

ನೀವು ಸ್ಟೆಮ್ ಸೆಲ್ಲನ್ನು ‘ಜೀವಂತ ಇಟ್ಟಿಗೆ’ ಅಂದಿದ್ದೀರಿ. ನನಗೆ ಮನೆ ಕಟ್ಟುವ ಮೇಸ್ತ್ರಿ ನೆನಪಾದರು. ಮೇಸ್ತ್ರಿ ಬೆಳಗ್ಗೆ ಬಂದು, ಯಾರು ಎಲ್ಲಿ ಏನು ಮಾಡಬೇಕು ಅಂತ ಹೇಳಿ ಇನ್ನೊಂದು ಸೈಟಿಗೆ ಹೋಗುತ್ತಾರೆ. ಗೋಡೆ ಎಬ್ಬಿಸುವುದು ಅಲ್ಲಿದ್ದ ಆಳುಗಳೇ. ರಕ್ತನಾಳ ಬೆಳೆಸು ಅನ್ನುವ ವಿಇಜಿಎಫ್, ಗಾಯದ ಕಲೆ ಗಟ್ಟಿಯಾಗದಂತೆ ತಡೆಯಲು ನೆರವಾಗುವ ಎಚ್‌ಜಿಎಫ್, ಊತ ತಗ್ಗಿಸುವ ಟಿಎಸ್‌ಜಿ-6, ಇವೆಲ್ಲ ಆ ಕೋಶಗಳು ಹೊರಬಿಡುವ ಪ್ರೋಟೀನುಗಳು, ಬಾಯಿಮಾತಿನ ಸೂಚನೆಗಳ ಹಾಗೆ. ಎಕ್ಸೋಸೋಮ್‌ಗಳು ಮಡಿಚಿ ಕಳಿಸಿದ ಚೀಟಿಗಳ ಹಾಗೆ. ಒಂದೊಂದೂ ಸುಮಾರು 30ರಿಂದ 150 ನ್ಯಾನೋಮೀಟರ್. ನಮ್ಮ ಒಂದು ಕೂದಲೆಳೆಯ ಅಗಲಕ್ಕೆ ನೂರಾರು ಸಾಲಾಗಿ ನಿಲ್ಲುತ್ತವೆ. ಒಳಗೆ ಪ್ರೋಟೀನ್ ಇರುತ್ತದೆ, ಜೀನುಗಳ ಕೆಲಸವನ್ನು ಹತೋಟಿಯಲ್ಲಿಡುವ ಮೈಕ್ರೋ ಆರ್‌ಎನ್‌ಎ ಇರುತ್ತದೆ. ಹೆಸರು ಮೂರು ಸಾಕು. ನೀವು ಹತ್ತೊಂಬತ್ತು ಕೊಟ್ಟಿದ್ದೀರಿ, ಒಂದೂ ನೆನಪಲ್ಲಿ ಉಳಿಯಲಿಲ್ಲ.

ಪದದ ಬಗ್ಗೆ ಒಂದು ಮಾತು. ಕಾಂಡಕೋಶ ಅಂದರೆ ಗಿಡದ ಕಾಂಡ ಕಣ್ಣಿಗೆ ಬರುತ್ತದೆ. ‘ಆಕರ ಕೋಶ’ ಅನ್ನಿ, ಇಲ್ಲವೇ ಎಲ್ಲರಿಗೂ ಗೊತ್ತಿರುವ ಸ್ಟೆಮ್ ಸೆಲ್ ಅಂತಲೇ ಬರೆಯಿರಿ. ‘ಸ್ರವಿತ ಜೈವಿಕ ಅಂಶ’ಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ: ಒಸರು. ಜಾಲಿ ಮರದ ತೊಗಟೆಗೆ ಏಟು ಬಿದ್ದರೆ ಅಂಟು ಒಸರುತ್ತದಲ್ವಾ, ಅದೇ. ಆಕರ ಕೋಶದ ಒಸರು ಅಂದರೆ ನಿಮ್ಮ ಅಮ್ಮನಿಗೂ ಅರ್ಥವಾಗುತ್ತದೆ.

ಇನ್ನು ಐದನೇ ಪುಟ. ಇಲ್ಲಿ ನಾನು ಕಠಿಣವಾಗಿಯೇ ಹೇಳಬೇಕು. ‘ಈ ಚಿಕಿತ್ಸೆ ಈಗ ಲಭ್ಯವಿದ್ದು ಮಧುಮೇಹದ ಹುಣ್ಣು, ಮಂಡಿನೋವು, ಕೂದಲು ಉದುರುವಿಕೆಯನ್ನು ಗುಣಪಡಿಸುತ್ತದೆ.’ ಇದು ನಿಮ್ಮ ವಾಕ್ಯ ಅಲ್ಲ, ಯಾವುದೋ ಕ್ಲಿನಿಕ್ಕಿನ ಕರಪತ್ರದ್ದು. ನಿಮ್ಮ ಉಳಿದ ಬರಹದ ಉಸಿರು ಅದರಲ್ಲಿಲ್ಲ.

ಕೆಲವು ವರ್ಷದ ಹಿಂದೆ ಬೇರೊಂದು ಕಾಯಿಲೆ ಬಗ್ಗೆ ಇಂಥದೇ ‘ಗುಣಪಡಿಸುತ್ತದೆ’ಯನ್ನು ನಾನು ಗಮನಿಸದೆ ಅಚ್ಚಿಗೆ ಬಿಟ್ಟೆ. ಒಂದು ತಿಂಗಳಿಗೆ ಚಳ್ಳಕೆರೆ ಕಡೆಯ ಹಿರಿಯರೊಬ್ಬರು ಆಫೀಸಿಗೆ ಬಂದರು. ನಮ್ಮ ಪುಟವನ್ನು ಕತ್ತರಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೇಬಲ್ಲಿ ಇಟ್ಟುಕೊಂಡಿದ್ದರು. ‘ಸ್ವಾಮಿ, ಈ ಇಂಜೆಕ್ಷನ್ ಎಲ್ಲಿ ಕೊಡ್ತಾರೆ? ಹೊಲ ಮಾರೋಕೂ ತಯಾರಿದೀನಿ’ ಅಂದರು. ಅದು ಇನ್ನೂ ಪ್ರಯೋಗದ ಹಂತದಲ್ಲಿದೆ ಅಂತ ಅವರಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತು. ಅವತ್ತಿನಿಂದ ಕ್ರಿಯಾಪದ ನೋಡದೆ ಯಾವ ವೈದ್ಯಕೀಯ ಲೇಖನವನ್ನೂ ಒಳಗೆ ಬಿಟ್ಟಿಲ್ಲ.

ಹಾಗಾಗಿ ಪ್ರತಿ ವಾಕ್ಯಕ್ಕೂ ಕೇಳಿಕೊಳ್ಳಿ: ಇದನ್ನು ಎಲ್ಲಿ ನೋಡಿದ್ದು? ಗಾಜಿನ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಇಲಿಯಲ್ಲಿ ಕಂಡದ್ದಾದರೆ ‘ಇಲಿಗಳಲ್ಲಿ ಗಾಯ ಬೇಗ ಮುಚ್ಚಿತು’ ಅನ್ನಿ. ಮನುಷ್ಯರ ಮಾತು ಬಂದಾಗ ‘ನೆರವಾಗಬಹುದು’ ಅನ್ನಿ. ಆ ‘ಬಹುದು’ ಯಾಕೆ ಅಂತಲೂ ಹೇಳಿ. ದಾನಿಯ ವಯಸ್ಸು ಬದಲಾದರೆ, ಬೆಳೆಸುವಾಗ ಆಮ್ಲಜನಕ ಹೆಚ್ಚುಕಡಿಮೆಯಾದರೆ ಒಸರೂ ಬದಲಾಗುತ್ತದೆ. ಒಂದು ಬ್ಯಾಚಿನ ಹಾಗೆ ಇನ್ನೊಂದು ಇರುವುದಿಲ್ಲ. ಎಷ್ಟು ಕೊಡಬೇಕು, ಹೇಗೆ ಕೊಡಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ರಕ್ತನಾಳ ಬೆಳೆಸುವ ಸೂಚನೆ ಕ್ಯಾನ್ಸರ್ ಗಡ್ಡೆಗೂ ಅನುಕೂಲವಾದೀತೇ ಅನ್ನುವ ಆತಂಕವೂ ಇದೆ. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅನುಮತಿಯಿಲ್ಲದ ಎಕ್ಸೋಸೋಮ್ ಉತ್ಪನ್ನ ಪಡೆದು ನೆಬ್ರಾಸ್ಕದಲ್ಲಿ ರೋಗಿಗಳಿಗೆ ತೊಂದರೆಯಾದ ಮೇಲೆ ಜನರನ್ನು ಎಚ್ಚರಿಸಿತು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಕೂಡ, ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯಂಥದನ್ನು ಬಿಟ್ಟರೆ ಬೇರೆ ಸ್ಟೆಮ್ ಸೆಲ್ ಬಳಕೆಯನ್ನು ಮಾಮೂಲಿ ಚಿಕಿತ್ಸೆ ಅಂತ ಒಪ್ಪಲಿಲ್ಲ. ಅನುಮತಿ ಪಡೆದ ಪ್ರಯೋಗದಲ್ಲಷ್ಟೇ ಮಾಡಿ ಅಂದಿತು. ಇವೆರಡೂ ನಿಮ್ಮ ಲೇಖನದಲ್ಲಿ ಇರಲೇಬೇಕು.

ಜೊತೆಗೆ ಇವತ್ತಿಗೆ ಕೈಗೆ ಸಿಗುವ ಆರೈಕೆಯನ್ನೂ ಬರೆಯಿರಿ. ಸಕ್ಕರೆ ಹತೋಟಿ, ಗಾಯದ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳುವುದು, ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಅಂತ ಪರೀಕ್ಷೆ, ಸೋಂಕಿಗೆ ಔಷಧಿ, ಹೊತ್ತಿಗೆ ಸರಿಯಾಗಿ ಡ್ರೆಸ್ಸಿಂಗ್. ನಿಮ್ಮ ಮನೆಯಲ್ಲಿ ಡ್ರೆಸ್ಸಿಂಗ್ ಮಾಡುವುದು ಯಾರು? ಗಾಜ್ ಬಟ್ಟೆ ಬಿಚ್ಚುವಾಗ ಅಪ್ಪ ಏನು ಮಾಡುತ್ತಾರೆ? ಅದನ್ನು ನೀವು ನೋಡಿದ್ದೀರಿ, ನಾನು ನೋಡಿಲ್ಲ. ಅದನ್ನು ಬರೆಯಲು ನಿಮ್ಮೊಬ್ಬರಿಗೇ ಸಾಧ್ಯ. ಆದರೆ ಅಚ್ಚಿಗೆ ಕೊಡುವ ಮುಂಚೆ ಅಪ್ಪನಿಗೆ ಓದಿ ಹೇಳಿ, ಅವರ ಒಪ್ಪಿಗೆ ಕೇಳಿ. ಬೇಡ ಅಂದರೆ ಬೇಡ, ಬೇರೆ ದಾರಿ ಹುಡುಕೋಣ.

ಸಾವಿರದ ಇನ್ನೂರು ಪದ ಸಾಕು. ಮುಂದಿನ ತಿಂಗಳ 20ರ ಒಳಗೆ ಕಳಿಸಿದರೆ ಅದರ ನಂತರದ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಕೋಶದ ಭಾಗವನ್ನು ಒಬ್ಬ ವೈದ್ಯರ ಹತ್ತಿರ ಓದಿಸಿಯೇ ಹಾಕುತ್ತೇವೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಅಂದಹಾಗೆ, ಆರು ಪುಟ ಮುಗಿಸಿದರೂ ಗಾಯ ಈಗ ಹೇಗಿದೆ ಅಂತ ನೀವು ಬರೆದಿಲ್ಲ. ಲೇಖನಕ್ಕಾಗಿ ಕೇಳುತ್ತಿಲ್ಲ. ಅಪ್ಪ ಹೇಗಿದ್ದಾರೆ?

ಇಂತಿ,
ಸಂಪಾದಕ