ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಕ್ಯಾಂಟೊನೀಸ್’ ಎಂದರೆ ಭಾಷೆಯೋ, ಜನರೋ, ಅಡುಗೆಯೋ?

ಪ್ರಶ್ನೆ: ಬೆಂಗಳೂರಿನಲ್ಲಿ ಮ್ಯಾಂಡರಿನ್ ಕಲಿತಿದ್ದೇನೆ. ಈಗ ಕೆಲಸದ ಜಾಹೀರಾತೊಂದರಲ್ಲಿ ‘ಕ್ಯಾಂಟೊನೀಸ್ ಸ್ಪೀಕರ್ ಬೇಕು’ ಎಂದಿದೆ. ಎರಡೂ ಚೀನೀ ಭಾಷೆಯೇ ಅಲ್ಲವೆ? ಅರ್ಜಿ ಹಾಕಬಹುದೆ? – ಓದುಗರು, ಹೊಸನಗರ

ಉತ್ತರ: ಮ್ಯಾಂಡರಿನ್ ಒಂದೇ ಬರುವುದಾದರೆ ಈ ಕೆಲಸಕ್ಕೆ ಹಾಕಬೇಡಿ. ‘ಚೈನೀಸ್ ಸ್ಪೀಕರ್’ ಎಂದಿದ್ದರೆ ಸಾಮಾನ್ಯವಾಗಿ ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್ ಸಾಕಾಗುತ್ತದೆ. ಕ್ಯಾಂಟೊನೀಸ್ ಎಂದು ಬಿಡಿಸಿ ಹಾಕಿದ್ದಾರೆಂದರೆ ಹಾಂಗ್‌ಕಾಂಗ್, ಮಕಾವು ಅಥವಾ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಗಿರಾಕಿಗಳೊಡನೆ ಬಾಯಲ್ಲಿ ಮಾತಾಡುವವರು ಬೇಕಾಗಿದ್ದಾರೆ ಎಂದೇ ತಿಳಿಯಬೇಕು.

ಇಂಗ್ಲಿಷಿನಲ್ಲಿ ಕ್ಯಾಂಟೊನೀಸನ್ನು ಎಷ್ಟೋ ಕಡೆ ‘ಡಯಲೆಕ್ಟ್’ ಎಂದು ಬರೆಯುತ್ತಾರೆ. ಆ ಪದ ನೋಡಿ ಹವ್ಯಕರ ಮಾತಿಗೂ ಶಿವಮೊಗ್ಗ ಪೇಟೆಯ ಕನ್ನಡಕ್ಕೂ ಇರುವಷ್ಟೇ ಅಂತರ ಎಂದುಕೊಂಡರೆ ಮೋಸಹೋಗುತ್ತೀರಿ. ಕನ್ನಡ ಮಾತ್ರ ಬಲ್ಲವರ ಕಿವಿಗೆ ತುಳು ಬಿದ್ದಂತೆ ಇದು: ಅಲ್ಲೊಂದು ಇಲ್ಲೊಂದು ಪದ ಸಿಕ್ಕೀತು, ಮಾತು ದಕ್ಕುವುದಿಲ್ಲ. ಮ್ಯಾಂಡರಿನ್‌ನಲ್ಲಿ ಪದದ ಅರ್ಥವನ್ನೇ ಬದಲಿಸುವ ನಾಲ್ಕು ಸ್ವರದ ಏರಿಳಿತ (ಟೋನ್), ಕ್ಯಾಂಟೊನೀಸ್‌ನಲ್ಲಿ ಆರು. ಆರು ಎಂಬ ಸಂಖ್ಯೆಗೆ ಮ್ಯಾಂಡರಿನ್ ‘ಲಿಯು’ ಅಂದರೆ ಕ್ಯಾಂಟೊನೀಸ್ ‘ಲುಕ್’ ಅನ್ನುತ್ತದೆ. ದೇಶಕ್ಕೆ ಅಲ್ಲಿ ‘ಗುವೊ’, ಇಲ್ಲಿ ‘ಗ್ವೊಕ್’. ಹೀಗೆ ಪದದ ಕೊನೆಗೆ ಪ್, ತ್, ಕ್ ಬರುವುದು ಮ್ಯಾಂಡರಿನ್‌ನಲ್ಲಿ ಇಲ್ಲವೇ ಇಲ್ಲ. ಕನ್ನಡಿಗರು ಎಡವುವುದೂ ಇಲ್ಲೇ. ಬಸ್ಸು, ಬುಕ್ಕು ಎಂದು ಕೊನೆಗೊಂದು ಉಕಾರ ಸೇರಿಸುವುದು ನಮ್ಮ ನಾಲಿಗೆಯ ರೂಢಿ. ‘ಲುಕ್ಕು’ ಎಂದರೆ ಒಂದು ಉಚ್ಚಾರ ಎರಡಾಗಿ, ಕೇಳುವವರಿಗೆ ಗೊಂದಲವಾಗುತ್ತದೆ. ನಾಲಿಗೆಯ ಹಿಂಭಾಗ ಅಂಗುಳಿಗೆ ತಾಗಿದೊಡನೆ ಉಸಿರು ನಿಲ್ಲಬೇಕು, ಹೊರಗೆ ಬಿಡಬಾರದು.

ದಿನಬಳಕೆಯ ಪದಗಳೂ ಬೇರೆ. ‘ಇಲ್ಲ, ಅಲ್ಲ’ ಎನ್ನಲು ಮ್ಯಾಂಡರಿನ್‌ನಲ್ಲಿ ‘ಬು’. ಕ್ಯಾಂಟೊನೀಸ್‌ನಲ್ಲಿ ತುಟಿ ಮುಚ್ಚಿಯೇ ಹೇಳುವ ‘ಮ್’. ಬರಹದಲ್ಲಿ ಮಾತ್ರ ನಿಮ್ಮ ಓದು ವ್ಯರ್ಥವಾಗುವುದಿಲ್ಲ. ಹಾಂಗ್‌ಕಾಂಗಿನ ಪತ್ರಿಕೆ, ಕಚೇರಿ ಪತ್ರಗಳು ಹೆಚ್ಚಾಗಿ ಮ್ಯಾಂಡರಿನ್‌ಗೆ ಹತ್ತಿರದ ಶಿಷ್ಟ ಬರಹದಲ್ಲೇ ಇರುತ್ತವೆ. ಓದುವಾಗ ಕ್ಯಾಂಟೊನೀಸ್ ಉಚ್ಚಾರ ಕೊಡುತ್ತಾರೆ. ಆದರೆ ನೀವು ಕಲಿತದ್ದು ಬಹುಶಃ ಸರಳಗೊಳಿಸಿದ ಅಕ್ಷರಗಳನ್ನು, ಹಾಂಗ್‌ಕಾಂಗ್ ಬಳಸುವುದು ಹಳೆಯ ಪೂರ್ಣರೂಪದ ಅಕ್ಷರಗಳನ್ನು. ಹಾಗಾಗಿ ಬಯೋಡೇಟಾದಲ್ಲಿ ‘ಚೈನೀಸ್’ ಎಂದು ಒಂದೇ ಮಾತಿನಲ್ಲಿ ಮುಗಿಸದೆ, ‘ಮ್ಯಾಂಡರಿನ್: ಮಾತು, ಓದು; ಅಕ್ಷರ: ಸಿಂಪ್ಲಿಫೈಡ್’ ಎಂದು ಬಿಡಿಸಿ ಬರೆಯಿರಿ. ಕ್ಯಾಂಟೊನೀಸ್ ಕಲಿಯುವ ಮನಸ್ಸಿದ್ದರೆ ಜ್ಯುತ್‌ಪಿಂಗ್ ಪದ್ಧತಿಯ ಪುಸ್ತಕವನ್ನೇ ಹಿಡಿಯಿರಿ. ಹಾಂಗ್‌ಕಾಂಗಿನ ಭಾಷಾಶಾಸ್ತ್ರ ಸಂಘ 1993ರಲ್ಲಿ ರೂಪಿಸಿದ ಈ ರೋಮನ್ ಬರಹದಲ್ಲಿ ಪ್ರತಿ ಉಚ್ಚಾರದ ಪಕ್ಕ 1ರಿಂದ 6ರವರೆಗಿನ ಅಂಕಿ ಇದ್ದು, ಯಾವ ಏರಿಳಿತ ಎಂದು ತೋರಿಸುತ್ತದೆ. ಅಂಕಿ ಬಿಟ್ಟು ಬಾಯಿಪಾಠ ಮಾಡಿದರೆ ಆಮೇಲೆ ತಿದ್ದಿಕೊಳ್ಳುವುದು ಬಹಳ ಕಷ್ಟ.

ಪ್ರಶ್ನೆ: ‘ಎ ಕ್ಯಾಂಟೊನೀಸ್’, ‘ದಿ ಕ್ಯಾಂಟೊನೀಸ್’ – ಮಕ್ಕಳಿಗೆ ಯಾವುದು ಸರಿ ಎಂದು ಹೇಳಲಿ? – ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ‘ದಿ ಕ್ಯಾಂಟೊನೀಸ್’ ಎಂದಾದ ಮೇಲೆ ಬೇರೆ ನಾಮಪದ ಇಲ್ಲದಿದ್ದರೆ ಅದು ಜನಸಮುದಾಯ, ಬಹುವಚನ: ‘ದಿ ಕ್ಯಾಂಟೊನೀಸ್ ಆರ್...’. ಭಾಷೆ ಎಂಬ ಅರ್ಥಕ್ಕೆ ‘ದಿ’ ಬೇಡ: ‘ಶಿ ಸ್ಪೀಕ್ಸ್ ಕ್ಯಾಂಟೊನೀಸ್’. ‘ಲ್ಯಾಂಗ್ವೇಜ್’ ಸೇರಿಸಿದಾಗ ಮಾತ್ರ ‘ದಿ ಕ್ಯಾಂಟೊನೀಸ್ ಲ್ಯಾಂಗ್ವೇಜ್’. ಒಬ್ಬ ವ್ಯಕ್ತಿಗೆ ‘ಎ ಕ್ಯಾಂಟೊನೀಸ್’ ಎಂಬುದು ನಿಘಂಟಿನಲ್ಲಿ ಇದ್ದರೂ ಈಗ ಒರಟಾಗಿ ಕೇಳಿಸುತ್ತದೆ. ‘ಎ ಕ್ಯಾಂಟೊನೀಸ್ ಸ್ಪೀಕರ್’, ‘ಎ ಕ್ಯಾಂಟೊನೀಸ್ ವುಮನ್’ ಎಂದು ಕಲಿಸಿ. ಕೊನೆಗೆ ಬಹುವಚನದ ‘ಎಸ್’ ಎಂದೂ ಸೇರಿಸುವುದಿಲ್ಲ. ಯಾವ ಅರ್ಥವಿದ್ದರೂ ಮೊದಲಕ್ಷರ ದೊಡ್ಡದು. ಒತ್ತು ‘ನೀ’ ಮೇಲೆ ಬೀಳುತ್ತದೆ, ಕೊನೆಯ ಧ್ವನಿ ‘ಸ್’ ಅಲ್ಲ, ‘ಝ್’: ಕ್ಯಾಂಟ-ನೀಝ್. ನಾವು ಕನ್ನಡದಲ್ಲಿ ‘ಕ್ಯಾಂಟೊನೀಸ್’ ಎಂದು ಬರೆಯುವುದು ಕಾಗುಣಿತದ ರೂಢಿಗಾಗಿ.

ಪ್ರಶ್ನೆ: ಶಿವಮೊಗ್ಗದ ಹೋಟೆಲಿನ ಮೆನುವಿನಲ್ಲಿ ‘ಹಕ್ಕಾ ನೂಡಲ್ಸ್’, ‘ಕ್ಯಾಂಟೊನೀಸ್ ನೂಡಲ್ಸ್’ ಎರಡೂ ಇವೆ. ವ್ಯತ್ಯಾಸ ಏನು? – ಓದುಗರು, ವಿನೋಬನಗರ

ಉತ್ತರ: ನಮ್ಮ ಹೋಟೆಲುಗಳಲ್ಲಿ ಹಕ್ಕಾ ಎಂದರೆ ಒಣಗಾಗಿ ಹುರಿದದ್ದು, ಕ್ಯಾಂಟೊನೀಸ್ ಎಂದರೆ ಗರಿಗರಿಯಾಗಿ ಕರಿದ ನೂಡಲ್ಸ್ ಮೇಲೆ ಗಟ್ಟಿ ಗ್ರೇವಿ ಸುರಿದದ್ದು. ಹಕ್ಕಾ ಜನರೂ ಗುವಾಂಗ್‌ಡಾಂಗ್‌ನಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ, ಆದರೆ ಅವರ ಭಾಷೆ ಬೇರೆ. ಅವರನ್ನು ಕ್ಯಾಂಟೊನೀಸ್ ಎಂದು ಕರೆಯುವುದಿಲ್ಲ. ಪ್ರಾಂತ್ಯದ ಎಲ್ಲರೂ ಕ್ಯಾಂಟೊನೀಸರಲ್ಲ ಎಂಬುದು ಇಲ್ಲಿಯೇ ತಿಳಿಯುತ್ತದೆ.

ನಿಜವಾದ ಕ್ಯಾಂಟೊನೀಸ್ ಅಡುಗೆಯಲ್ಲಿ ಖಾರ ತೀರಾ ಕಡಿಮೆ, ಹಬೆಗೆ ಮೊದಲ ಸ್ಥಾನ. ಅರ್ಧ ಕಿಲೋ ತೂಕದ ಇಡೀ ಮೀನನ್ನು ನೀರು ಚೆನ್ನಾಗಿ ಕುದಿ ಬಂದ ಮೇಲೆ ಇಟ್ಟು ಎಂಟು ನಿಮಿಷ ಬೇಯಿಸುತ್ತಾರೆ. ತಟ್ಟೆಯಲ್ಲಿ ಬಿಟ್ಟ ನೀರನ್ನು ಚೆಲ್ಲುತ್ತಾರೆ, ಏಕೆಂದರೆ ಹಸಿವಾಸನೆ ಇರುವುದು ಅದರಲ್ಲೇ. ಮೇಲೆ ಎಳೆಯಾಗಿ ಸೀಳಿದ ಶುಂಠಿ, ಈರುಳ್ಳಿ ಸೊಪ್ಪು ಹರಡಿ, ಹೊಗೆಯಾಡುವ ಎಣ್ಣೆ ಹುಯ್ದು, ಸೋಯಾ ಸಾಸ್ ಹಾಕುತ್ತಾರೆ. ಕೆಂಪು ಮೆಣಸಿನ ಗ್ರೇವಿಗೆ ಈ ಹೆಸರು ಹೊಂದುವುದಿಲ್ಲ. ‘ವಾಕ್’ ಬಾಣಲೆ, ‘ಡಿಮ್ ಸಮ್’ ತಿಂಡಿ, ‘ಬೊಕ್ ಚೋಯ್’ ಸೊಪ್ಪು – ಇಂಗ್ಲಿಷಿಗೆ ಈ ಪದಗಳು ಕ್ಯಾಂಟೊನೀಸ್‌ನಿಂದಲೇ ಬಂದವು.

ಪ್ರಶ್ನೆ: ನಕಾಶೆಯಲ್ಲಿ ಕ್ಯಾಂಟನ್ ಸಿಗುತ್ತಿಲ್ಲ. ಕಂಟೋನ್ಮೆಂಟಿಗೂ ಇದಕ್ಕೂ ಸಂಬಂಧ ಇದೆಯೆ? ಅನುವಾದದಲ್ಲಿ ಹೇಗೆ ಬರೆಯಲಿ? – ಅನುವಾದಕರು, ಸಾಗರ

ಉತ್ತರ: ಗುವಾಂಗ್‌ಝೌ ಎಂದು ಹುಡುಕಿ, ಕ್ಯಾಂಟನ್ ಊರಿನ ಇಂದಿನ ಹೆಸರು ಅದು; ‘ಕ್ಯಾಂಟೊನೀಸ್’ ಪದ ಹುಟ್ಟಿದ್ದು ಆ ಹಳೆಯ ಹೆಸರಿನಿಂದ. ಪ್ರಾಂತ್ಯದ ಹೆಸರು ಗುವಾಂಗ್‌ಡಾಂಗ್ ಪೋರ್ಚುಗೀಸರ ಬಾಯಲ್ಲಿ ತಿರುಚಿಕೊಂಡು, ಇಂಗ್ಲಿಷರಿಗೆ ಬರುವಷ್ಟರಲ್ಲಿ ನಗರದ ಹೆಸರು ‘ಕ್ಯಾಂಟನ್’ ಆಯಿತು. 1757ರಿಂದ ಬ್ರಿಟನ್ ಜೊತೆಗಿನ 1842ರ ನಾನ್‌ಕಿಂಗ್ ಒಪ್ಪಂದದವರೆಗೆ ಯುರೋಪಿನ ಹಡಗುಗಳಿಗೆ ಚೀನಾ ತೆರೆದಿಟ್ಟ ಬಂದರು ಇದೊಂದೇ; ಹೆಸರು ಇಂಗ್ಲಿಷಿನಲ್ಲಿ ಅಷ್ಟು ಆಳವಾಗಿ ಊರಿದ್ದು ಅದಕ್ಕೇ. ಕಂಟೋನ್ಮೆಂಟ್ ಮತ್ತು ಸ್ವಿಟ್ಜರ್ಲೆಂಡಿನ ಕ್ಯಾಂಟನ್‌ಗಳು ‘ಮೂಲೆ’ ಎಂಬರ್ಥದ ಯುರೋಪಿನ ಪದದಿಂದ ಬಂದವು, ಇದಕ್ಕೆ ನಂಟಿಲ್ಲ.

ಅನುವಾದದಲ್ಲಿ ‘ಚೀನೀ ಭಾಷೆ’ ಎಂದು ಹಾರಿಸಬೇಡಿ, ‘ಕ್ಯಾಂಟೊನೀಸ್ ಭಾಷೆ’ ಎಂದೇ ಇಡಿ. ಭಾಷಾಶಾಸ್ತ್ರದ ಬರಹವಾದರೆ ಇನ್ನೊಂದು ಎಚ್ಚರ ಬೇಕು: ಕೆಲವರು ಈ ಪದವನ್ನು ಗುವಾಂಗ್‌ಝೌ, ಹಾಂಗ್‌ಕಾಂಗ್ ನಗರಗಳ ಮಾತಿಗೆ ಮಾತ್ರ ಬಳಸುತ್ತಾರೆ, ಕೆಲವರು ತೈಶಾನ್ ಮುಂತಾದ ಕಡೆಯ ಮಾತುಗಳೂ ಸೇರಿದ ‘ಯುಯೆ’ ಗುಂಪಿಗೆಲ್ಲ. ಲೇಖಕರು ಯಾವ ಅರ್ಥದಲ್ಲಿ ಬಳಸಿದ್ದಾರೆಂದು ನೋಡಿ, ಎರಡನೆಯದಾದರೆ ‘ಯುಯೆ ಭಾಷೆಗಳು’ ಎನ್ನಿ. ಊರಿನ ಹೆಸರನ್ನು ಹಳೆಯ ಕಾಲದ ಕಥೆಯಲ್ಲಿ ಕ್ಯಾಂಟನ್ ಎಂದೂ, ಇಂದಿನ ಕಥೆಯಲ್ಲಿ ಗುವಾಂಗ್‌ಝೌ ಎಂದೂ ಬರೆಯಿರಿ. 1957ರಿಂದ ನಡೆಯುತ್ತಿರುವ ‘ಕ್ಯಾಂಟನ್ ಫೇರ್’ ವ್ಯಾಪಾರ ಮೇಳದ ಹೆಸರು ಮಾತ್ರ ಇಂದಿಗೂ ಹಾಗೆಯೇ ಇದೆ, ಅದನ್ನು ಬದಲಿಸಬೇಡಿ.